ಬಾಸ್ ಬೇಕಾಗಿದ್ದಾರೆ

ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಹಾಕಿಡುವ ಒಂದು ಪ್ಲಾಸ್ಟಿಕ್ ಡಬ್ಬವಿದೆ. ಮೂಲತಃ ಅದು ಪಾಪ್‌ಕಾರ್ನಿನ ಡಬ್ಬ. ಹಳೇ ಮದ್ರಾಸ್ ರಸ್ತೆಯ ಮಾಲೊಂದಕ್ಕೆ ಮಗಳನ್ನು ಕಾರ್ಟೂನ್ ಸಿನಿಮಾಕ್ಕೆಂದು ಕರೆದುಕೊಂಡು ಹೋದಾಗ, ಕೌಂಟರಿನ ಹುಡುಗಿ "ಮ್ಯಾಮ್, ಬಕೆಟ್ ತಗೊಂಡ್ರೆ ಮನೆಗೇ ತಗೊಂಡ್ಹೋಗ್ಬಹುದು" ಎಂದಳು. ಬೇಡ ಅನ್ನಲು ನನಗೆ ಧೈರ್ಯ ಸಾಲಲಿಲ್ಲ. ಡಬ್ಬದ ಮೈಮೇಲೆ ಆ ಸಿನಿಮಾದ ಮೂರು ಗುಂಡು ಜೀವಿಗಳಿವೆ. ಬದನೆಕಾಯಿ ಬಣ್ಣ, ಜೋತುಬಿದ್ದ ಕಿವಿ, ತಲೆಗೆ ತೇಪೆ ಹಾಕಿದ ಉಲ್ಲನ್ ಟೋಪಿ. ಮೂರೂ ಹಲ್ಲು ಕಿರಿದುಕೊಂಡು ನಿಂತಿವೆ. ಒಗ್ಗರಣೆಗೆಂದು ಕೈ ಹಾಕಿದಾಗಲೆಲ್ಲ, ಗುರುತು ಸಿಕ್ಕಿತಾ ಎಂದು ಕೇಳುವ ಹಾಗೆ ನನ್ನನ್ನೇ ನೋಡುತ್ತವೆ. ನಾನು ಡಬ್ಬವನ್ನು ಗೋಡೆ ಕಡೆ ತಿರುಗಿಸಿಡುತ್ತೇನೆ. ಮಾರನೇ ದಿನಕ್ಕೆ ಮನೆಯವರು ಯಾರೋ ಮತ್ತೆ ಈ ಕಡೆಗೆ ತಿರುಗಿಸಿರುತ್ತಾರೆ.

ನಿಮಗೆ ನಗು ಬರಬಹುದು. ಥಿಯೇಟರ್ ತುಂಬ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಾಗ, ನಡುವಿನ ಸಾಲಿನಲ್ಲಿ ಸೀಟಿನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ ನಲವತ್ತಾರರ ಹೆಂಗಸು ನಾನೊಬ್ಬಳೇ ಇರಬೇಕು. ಸಿನಿಮಾದ ಕತೆ ಇಷ್ಟೇ. ಈ ಮೂರು ಜೀವಿಗಳ ಕುಲಕಸುಬು ಚೇಲಾಗಿರಿ. ಯಾರಾದರೊಬ್ಬ ದುಷ್ಟನ ಕೈಕೆಳಗೆ, ಬೈಸಿಕೊಂಡು, ಹೇಳಿದ್ದು ಮಾಡಿಕೊಂಡು ಬದುಕಬೇಕು. ಆದರೆ ಅವಕ್ಕೆ ಬಾಸ್ ಇಲ್ಲ. ಇದ್ದ ಬಾಸ್ ಒಬ್ಬ ಮಾಂತ್ರಿಕ. ಇವು ಭಕ್ತಿಯಿಂದ ಎಣ್ಣೆ ಹಾಕಿ ಉಜ್ಜಿದ ಮೆಟ್ಟಿಲ ಮೇಲೆ ಕಾಲಿಟ್ಟು, ಜಾರಿ, ಕಿಟಕಿಯಿಂದಾಚೆ ಹೋಗಿಬಿಟ್ಟ. ಅಲ್ಲಿಂದ ಇವಕ್ಕೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಕುತ್ತಿಗೆಗೆ 'ಬಾಸ್ ಬೇಕಾಗಿದ್ದಾರೆ, ಕ್ರೂರಿಗಳಿಗೆ ಆದ್ಯತೆ' ಎಂಬ ಬೋರ್ಡು ನೇತುಹಾಕಿಕೊಂಡು ಊರೂರು ಅಲೆಯುತ್ತವೆ. ಬೋರ್ಡು ಇಂಗ್ಲಿಷಿನಲ್ಲಿತ್ತು, ಅನುವಾದ ನನ್ನದು.

ಎಡಗಡೆ ಕೂತಿದ್ದ ನನ್ನ ಗಂಡ ಶಿವಾನಂದ, ಗದಗಿನ ಕಡೆಯವರು, ನಕ್ಕು ನಕ್ಕು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ, "ಯಾಕ, ಮೈಯಾಗ ಆರಾಮ ಇಲ್ಲೇನು? ನಗೂ ಸಿನಿಮಾಕ್ಕ ಬಂದು ಅಳೂ ಮಾರಿ ಮಾಡ್ಕೊಂಡು ಕುಂತೀಯಲ್ಲ" ಎಂದರು. ಏನೂ ಇಲ್ಲ ಎಂದೆ. ಏನು ಹೇಳುವುದು? ತೆರೆಯ ಮೇಲೆ ಆ ಮೂರು ಮುಖಗಳು ಹೊಸ ಬಾಸ್ ಸಿಕ್ಕಿದ ಖುಷಿಯಲ್ಲಿ ಸಾಲಾಗಿ ನಿಂತು ನಡುಗುತ್ತಿದ್ದವು. ಆ ನಡುಕ ನನಗೆ ಒಳಗಿನಿಂದ ಗೊತ್ತು. ಬಲಗಡೆ ನನ್ನ ಒಂಬತ್ತು ವರ್ಷದ ಮಗಳು ಸಿರಿ, ಬಾಯಿ ತುಂಬ ಪಾಪ್‌ಕಾರ್ನ್ ತುಂಬಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ದೇವರೇ, ಇವಳೂ ನನ್ನ ಹಾಗೆ ಆಗಿಬಿಟ್ಟರೆ ಏನು ಗತಿ ಅನ್ನಿಸಿತು.

ನನ್ನ ಹಾಗೆ ಅಂದರೆ ಹೇಗೆ ಎಂದು ನೀವು ಕೇಳಬೇಕು. ಆಟೋದವರಿಗೆ ನಾನು ಸರ್ ಅನ್ನುತ್ತೇನೆ. ಮೆಟ್ರೋ ಸ್ಟೇಷನ್ನಿನ ಗೇಟು ನನ್ನ ಕಾರ್ಡಿಗೆ ತೆರೆಯದಿದ್ದರೆ ಗೇಟಿಗೆ ಸಾರಿ ಹೇಳಿದ್ದಿದೆ. ಬಟ್ಟೆ ಅಂಗಡಿಯಲ್ಲಿ ಮೂರು ಸೀರೆ ಬಿಚ್ಚಿಸಿದರೆ ಮುಗಿಯಿತು, ಸೇಲ್ಸ್‌ಮನ್ ಮುಖ ನೋಡಿ ಹೆದರಿ ಒಂದನ್ನು ಕಟ್ಟಿಸಿಕೊಂಡು ಬರುತ್ತೇನೆ. ಇಂದಿರಾನಗರದಲ್ಲಿ, ಹಳೇ ಬಂಗಲೆಯೊಂದನ್ನು ಆಫೀಸು ಮಾಡಿಕೊಂಡಿರುವ ಕಂಪನಿಯ ಸ್ವಾಗತದ ಟೇಬಲ್ಲಿನಲ್ಲಿ ನಾನು ಹನ್ನೆರಡು ವರ್ಷದಿಂದ ಕೂತಿದ್ದೇನೆ. ಮೊದಲಿನ ಬಾಸ್ ಬಹಳ ಸಿಡುಕರು. ಅವರು ಕೆಲಸ ಬಿಟ್ಟು ಹೋಗಿ ಹೊಸಬರು ಬರುವವರೆಗೆ ಮೂರು ವಾರ ಕುರ್ಚಿ ಖಾಲಿ ಇತ್ತು. ಆಫೀಸಿನಲ್ಲಿ ಎಲ್ಲರಿಗೂ ಹಬ್ಬ. ನನಗೆ ಮಾತ್ರ ಯಾರಿಗೆ ಹೆದರಬೇಕೆಂದು ತಿಳಿಯದೆ ಬೆಳಗ್ಗೆ ಎದ್ದರೆ ಕೈಕಾಲು ಆಡುತ್ತಿರಲಿಲ್ಲ. ಕೊನೆಗೆ ಆಫೀಸಿನ ಜೆರಾಕ್ಸ್ ಮಷೀನಿಗೆ ಹೆದರಲು ಶುರು ಮಾಡಿದೆ. ಹೊಸ ಬಾಸ್ ಬಂದು ಮೊದಲ ದಿನವೇ "ಇಲ್ಲಿ ಫೋನ್ ಎತ್ತೋರು ಯಾರೂ ಇಲ್ವಾ?" ಎಂದು ಗದರಿದಾಗ ನೆಮ್ಮದಿಯಾಗಿ ಎರಡು ಚಪಾತಿ ಹೆಚ್ಚು ತಿಂದೆ.

ಇದು ಹುಟ್ಟಿನಿಂದ ಬಂದದ್ದಲ್ಲ. ಹಲಸೂರಿನಲ್ಲಿ ಕಲಿತದ್ದು. ನಾನು ಬೆಳೆದದ್ದು ಕೆರೆಯ ಹಿಂದಿನ ಬೀದಿಯ ಒಂದು ವಠಾರದಲ್ಲಿ. ನಡುವೆ ಅಂಗಳ, ಸುತ್ತ ಎಂಟು ಮನೆ, ಎಂಟೂ ಮನೆಗೆ ಒಂದೇ ನಲ್ಲಿ. ವಠಾರದ ಮಾಲೀಕರ ಮಗಳು ವಿಮಲಕ್ಕನಿಗೆ ಆಗ ಹದಿಮೂರು. ನನಗೆ, ಪಕ್ಕದ ಮನೆಯ ಮುಬೀನಾಗೆ, ಮೂಲೆ ಮನೆಯ ಸೆಲ್ವಿಗೆ ಒಂಬತ್ತು. ಅಂಗಳ ವಿಮಲಕ್ಕನ ಅಪ್ಪನದು, ಆದ್ದರಿಂದ ಅಂಗಳದಲ್ಲಿ ಯಾರು ಆಡಬೇಕು ಯಾರು ಆಡಬಾರದು ಎನ್ನುವುದು ವಿಮಲಕ್ಕನದು. ಅವಳು ಕಿರುಬೆರಳು ತೋರಿಸಿ "ಠೂ" ಅಂದರೆ ಆ ಹುಡುಗಿಯ ಜೊತೆ ಅವಳು ರಾಜಿ ಅನ್ನುವ ತನಕ ಯಾರೂ ಮಾತಾಡುವಂತಿಲ್ಲ. ನನಗೆ ಒಮ್ಮೆ ಹನ್ನೊಂದು ದಿನ ಠೂ ಬಿಟ್ಟಿದ್ದಳು. ಜ್ವರ ಬಂದು ಮಲಗಿದ್ದೆ. ಅಮ್ಮ ಕಷಾಯ ಮಾಡಿದಳೇ ಹೊರತು ಕಾರಣ ಕೇಳಲಿಲ್ಲ.

ಹೀಗೆ ನಾವು ಮೂವರು ಅವಳ ಚೇಲಾಗಳಾದೆವು. ಒಳ್ಳೆಯ ಚೇಲಾಗಳೂ ಆಗಿರಲಿಲ್ಲ, ಅದೇ ವಿಚಿತ್ರ. ಕುಕ್ ಟೌನಿನ ಬಂಗಲೆಯೊಂದರ ಕಾಂಪೌಂಡಿನಿಂದ ಸೀಬೆಕಾಯಿ ಕಿತ್ತು ತರಲು ಒಮ್ಮೆ ನಮ್ಮನ್ನು ಕರೆದುಕೊಂಡು ಹೋದಳು. ಒಳಗೆ ನಾಯಿ ಇದೆಯಾ ನೋಡಲು ಮುಬೀನಾ ಗೋಡೆಯ ಸಂದಿಯಲ್ಲಿ ಬಾಯಿಟ್ಟು ಬೊಗಳಬೇಕು ಎಂದು ಅಪ್ಪಣೆ. ಅವಳು ಎಷ್ಟು ಚೆನ್ನಾಗಿ ಬೊಗಳಿದಳೆಂದರೆ, ಇಲ್ಲದ ನಾಯಿ ಪಕ್ಕದ ಬಂಗಲೆಯಿಂದ ಬಂತು. ನಾವು ಮೂವರೂ ಹತ್ತಲು ಬೇರೆ ಏನೂ ಸಿಗದೆ ವಿಮಲಕ್ಕನ ಮೇಲೇ ಹತ್ತಿದೆವು. ಅವಳ ಲಂಗ ಹರಿಯಿತು. "ಅಮ್ಮೀ ಕಸಮ್, ಮೈ ನಕೋ ಬೋಲಿ ಥೀ" ಎಂದು, ಅಮ್ಮನಾಣೆ ನಾನು ಬೇಡ ಅಂದಿದ್ದೆ ಎಂದು, ಮುಬೀನಾ ದಾರಿಯುದ್ದಕ್ಕೂ ಅಳುತ್ತಾ ಬಂದಳು. ಮಾರನೇ ದಿನ ಬೆಳಗ್ಗೆ ಮೂವರೂ ಮತ್ತೆ ಅವಳ ಬಾಗಿಲಲ್ಲಿ ಹಾಜರು.

ಆ ವಠಾರದಲ್ಲಿ ನೀರಿನದೊಂದು ಕಟ್ಟುನಿಟ್ಟು ಇತ್ತು. ದಿನ ಬಿಟ್ಟು ದಿನ ಮಧ್ಯಾಹ್ನ ಮೂರಕ್ಕೆ ನಲ್ಲಿಯಲ್ಲಿ ನೀರು. ಒಂದೇ ಗಂಟೆ. ಬೆಳಗ್ಗೆಯೇ ಹೆಂಗಸರು ಕೊಡಗಳನ್ನು ನಲ್ಲಿಯ ಮುಂದೆ ಸಾಲಾಗಿ ಇಟ್ಟು ಅವರವರ ಕೆಲಸಕ್ಕೆ ಹೋಗುತ್ತಿದ್ದರು. ಕೊಡ ನಿಂತಿದ್ದರೆ ಆ ಮನೆಯವರು ನಿಂತಿದ್ದ ಹಾಗೆ. ಇನ್ನೊಬ್ಬರ ಕೊಡವನ್ನು ಒಂದು ಗೇಣು ಆಚೀಚೆ ಸರಿಸುವಂತಿಲ್ಲ. ಜಗಳವಾಡಿ ಮುಖ ನೋಡದವರೂ ಸಾಲಿನ ಮರ್ಯಾದೆ ಮುರಿಯುತ್ತಿರಲಿಲ್ಲ. ಕೊನೆಯ ಕೊಡಕ್ಕೆ ಎಷ್ಟೋ ದಿನ ನೀರು ಸಿಗುತ್ತಿರಲಿಲ್ಲ, ಅದಕ್ಕೇ ಈ ಎಚ್ಚರ.

ಒಂದು ಬೇಸಿಗೆ ರಜೆಯಲ್ಲಿ ಸೆಲ್ವಿ ಕುಂಟೆಬಿಲ್ಲೆಯಲ್ಲಿ ವಿಮಲಕ್ಕನನ್ನು ಸೋಲಿಸಿದಳು. ಸೋಲಿಸಬಾರದು ಎಂದು ಅವಳಿಗೆ ಹೊಳೆಯಲೇ ಇಲ್ಲ, ಪಾಪ. ಮಾರನೇ ದಿನ ವಿಮಲಕ್ಕ ನನ್ನನ್ನೂ ಮುಬೀನಾಳನ್ನೂ ಕರೆದು, ಸೆಲ್ವಿಯ ಅಮ್ಮನ ಕೊಡವನ್ನು ಸಾಲಿನ ಕೊನೆಗೆ ಇಡಿ ಎಂದಳು. ಸೆಲ್ವಿಯ ಅಮ್ಮನ ಕೊಡ ನಮಗೆಲ್ಲ ಗೊತ್ತು. ಹಸಿರು ಪ್ಲಾಸ್ಟಿಕ್ಕು, ಕುತ್ತಿಗೆಗೆ ಕೆಂಪು ರಿಬ್ಬನ್. ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾವಿಬ್ಬರೂ ಹೋದೆವು. ಕೊಡ ಎಲ್ಲಕ್ಕಿಂತ ಮೊದಲಿತ್ತು. ಇಷ್ಟು ಮುಂದೆ ಹೇಗೆ ಬಂತು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನಮಗೆ ಇರಲಿಲ್ಲ. ಎತ್ತಿ ಕೊನೆಗೆ ಇಟ್ಟು ಓಡಿದೆವು.

ಆಗಿದ್ದು ಏನೆಂದರೆ, ಆವತ್ತು ಬೆಳಗ್ಗೆ ಮಾಲೀಕರ ಮನೆಯ ತಾಮ್ರದ ಕೊಡ ತೂತು ಬಿದ್ದಿತ್ತು. ವಿಮಲಕ್ಕನ ಅಮ್ಮ ಸೆಲ್ವಿಯ ಅಮ್ಮನ ಹಸಿರು ಕೊಡವನ್ನು ಕೇಳಿ ತೆಗೆದುಕೊಂಡು, ತಮ್ಮ ಜಾಗದಲ್ಲಿ, ಎಲ್ಲರಿಗಿಂತ ಮೊದಲು ಇಟ್ಟಿದ್ದರು. ಸಂಜೆ ಅವರ ಮನೆಗೆ ನೆಂಟರು ಬರುವವರಿದ್ದರು. ಅವರು ಅಡುಗೆಮನೆಯಿಂದ ಹೊರಗೆ ಬಂದು ನೋಡುವ ಹೊತ್ತಿಗೆ ಏಳು ಮನೆಯವರು ನೀರು ಹಿಡಿದು ಹೋಗಿದ್ದರು, ನಲ್ಲಿ ಗೊರಗುಟ್ಟುತ್ತಿತ್ತು. ಹಸಿರು ಕೊಡ ಒಣಗಿಕೊಂಡು ಕೊನೆಯಲ್ಲಿ ನಿಂತಿತ್ತು. ಬಾಸಿನ ಮನೆಗೇ ನೀರಿಲ್ಲದ ಹಾಗೆ ಮಾಡಿದ ಚೇಲಾಗಳು ನಾವು. ಆ ಸಿನಿಮಾದ ಮೂರು ಪ್ರಾಣಿಗಳು ಇದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಇಲ್ಲಿಗೇ ನಿಂತಿದ್ದರೆ ನಾನೂ ನಿಮ್ಮ ಜೊತೆ ನಗುತ್ತಿದ್ದೆ. ವಿಮಲಕ್ಕನ ಅಮ್ಮ ಅಂಗಳದ ನಡುವೆ ನಿಂತು, ಕೊಡ ಮುಟ್ಟಿದವರು ಯಾರು ಎಂದು ಕೇಳಿದರು. ಎಂಟೂ ಮನೆಯವರು ಹೊರಗೆ ಬಂದರು. ವಿಮಲಕ್ಕನಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವಳ ಮುಖ ಸ್ವಲ್ಪವೂ ಬದಲಾಗಲಿಲ್ಲ. "ಸೆಲ್ವೀನೇ ಕಣಮ್ಮ ಮಾಡಿದ್ದು. ಅವ್ರ ಕೊಡ ಅಲ್ವಾ, ನಮಗೆ ಕೊಟ್ಟಿದ್ದು ಹೊಟ್ಟೆ ಉರಿ" ಎಂದಳು. ಆಮೇಲೆ ನನ್ನ ಕಡೆ ನೋಡಿ, ಮೆತ್ತಗೆ, "ಜಯಂತಿ ನೋಡಿದಾಳೆ" ಎಂದಳು.

"ಹೌದೇನೇ?" ಎಂದರು ಅವಳ ಅಮ್ಮ.

ನಾನು ತಲೆ ಆಡಿಸಿದೆ. ಅಷ್ಟೇ ಸಾಕಾಯಿತು. ಸೆಲ್ವಿಯ ಅಮ್ಮ "ಎನ್ ಪೊಣ್ಣು ಅಪ್ಪಡಿ ಸೆಯ್ಯಮಾಟ್ಟಾ" ಎಂದರು. ನನ್ನ ಹುಡುಗಿ ಅಂಥದ್ದು ಮಾಡುವವಳಲ್ಲ ಎಂದು ಎರಡು ಸಲ ಹೇಳಿದರು. ವಠಾರದಲ್ಲಿ ತಮಿಳು ಅರ್ಥವಾಗದವರು ಯಾರೂ ಇರಲಿಲ್ಲ, ಆದರೂ ಯಾರೂ ಉತ್ತರ ಕೊಡಲಿಲ್ಲ. ಒಂದು ತಿಂಗಳಲ್ಲಿ ಅವರಿಗೆ ಮನೆ ಬಿಡಿ ಎಂದಾಯಿತು. ಕೆ.ಆರ್. ಪುರದ ಕಡೆ ಎಲ್ಲೋ ಹೋದರಂತೆ. ಆಗ ಕೆ.ಆರ್. ಪುರ ಅಂದರೆ ನಮಗೆ ಬೇರೆ ಊರು. ಟೆಂಪೋ ಹತ್ತುವಾಗ ಸೆಲ್ವಿ ವಿಮಲಕ್ಕನನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದಳು. ಯಾಕೆ ಎಂದು ಕೇಳಿದ್ದರೆ ವಿಮಲಕ್ಕ ಹೇಳಿದಳು ಅನ್ನುತ್ತಿದ್ದೆ. ಅವಳು ಕೇಳಲಿಲ್ಲ.

ನಿಜ ಹೇಳುತ್ತೇನೆ, ಬಾಸ್‌ಗಳಿಗಿಂತ ನನಗೆ ಹೆಚ್ಚು ಭಯ ಸೆಲ್ವಿಯದು. ಮದುವೆಯಾಗಿ ನಾವು ಬಾಡಿಗೆ ಮನೆ ಹಿಡಿದದ್ದು ರಾಮಮೂರ್ತಿ ನಗರದಲ್ಲಿ, ಕೆ.ಆರ್. ಪುರದ ಪಕ್ಕದಲ್ಲೇ. ತರಕಾರಿ ಗಾಡಿಯ ಹತ್ತಿರ, ಬಸ್ಸಿನಲ್ಲಿ, ನನ್ನ ವಯಸ್ಸಿನ ಹೆಂಗಸು ಒಂದು ಗಳಿಗೆ ಹೆಚ್ಚಾಗಿ ನನ್ನ ಮುಖ ನೋಡಿದರೆ ತಲೆ ತಗ್ಗಿಸಿ ನಡೆದುಬಿಡುತ್ತೇನೆ. ಕೊತ್ತಂಬರಿ ಸೊಪ್ಪು ಅಲ್ಲೇ ಬಿಟ್ಟು ಬಂದದ್ದೂ ಉಂಟು.

ಅದಕ್ಕೇ ಸಿರಿಯ ಬಗ್ಗೆ ನನಗೆ ಅಷ್ಟು ಹೆದರಿಕೆ. ಸಿನಿಮಾ ಮುಗಿಸಿ ಬರುವಾಗ ಆಟೋದಲ್ಲಿ ಅವಳು, "ಅಮ್ಮ, ನಾಳೆಯಿಂದ ಕೆಳಗಡೆ ನಾವೂ ಇದೇ ಆಟ ಆಡ್ತೀವಿ. ಒಬ್ರು ಬಾಸು, ಮಿಕ್ಕಿದೋರೆಲ್ಲ ಅವರು ಹೇಳ್ದಂಗೆ ಮಾಡ್ಬೇಕು" ಎಂದಳು.

"ಬಾಸ್ ಯಾರು?" ಎಂದೆ.

"ಹೇಳಲ್ಲ" ಎಂದು ನಕ್ಕಳು.

ಅಲ್ಲಿಂದ ಎರಡು ವಾರ ನಾನು ಪತ್ತೇದಾರಿಕೆ ಮಾಡಿದೆ. ನಮ್ಮದು ನಾಲ್ಕಂತಸ್ತಿನ ಕಟ್ಟಡ. ನೆಲ ಅಂತಸ್ತಿನಲ್ಲಿ ಓನರ್ ಮತ್ತು ಪಾರ್ಕಿಂಗು. ಮೊದಲನೇ ಮಹಡಿಯಲ್ಲಿ ಮಂಗಳಾ ಮತ್ತು ಅವರ ಏಳು ವರ್ಷದ ಮಗಳು ಹರ್ಷಿತಾ, ಬಂದು ಮೂರು ತಿಂಗಳಾಗಿತ್ತು. ಎರಡನೆಯದರಲ್ಲಿ ನಾವು. ಮೂರನೆಯದರಲ್ಲಿ ಸರೋಜಾ ಅನ್ನುವವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರ ಮಗ ಪ್ರವೀಣ್ ಸಿರಿಯ ವಾರಿಗೆಯವನು, ಸ್ವಲ್ಪ ಗಲಾಟೆ. ಬಾಸ್ ಇವನೇ ಇರಬೇಕು ಎಂದು ನಾನು ಮೊದಲ ದಿನವೇ ತೀರ್ಮಾನ ಮಾಡಿದೆ. ಸಿರಿ ಆಟ ಮುಗಿಸಿ ಬಂದ ಕೂಡಲೇ ಅವಳ ಮಂಡಿ, ಮೊಣಕೈ, ಕಣ್ಣು ಎಲ್ಲ ತಪಾಸಣೆ ಮಾಡುತ್ತಿದ್ದೆ. ಫ್ರಾಕಿಗೆ ಒಂದು ಚೂರು ಧೂಳೂ ಇರುತ್ತಿರಲಿಲ್ಲ. ಹೆದರಿ ಮೂಲೆಯಲ್ಲಿ ನಿಂತಿರುತ್ತಾಳೆ, ಅದಕ್ಕೇ ಧೂಳಿಲ್ಲ ಎಂದುಕೊಂಡೆ.

"ಯಾರಾದ್ರೂ ನಿನಗೆ ಏನಾದ್ರೂ ಮಾಡು ಅಂದ್ರೆ ಮಾಡಲ್ಲ ಅನ್ಬೇಕು, ಗೊತ್ತಾಯ್ತಾ?" ಎಂದೆ ಒಂದು ಸಂಜೆ, ತಲೆ ಬಾಚುತ್ತಾ.

"ನಂಗೆ ಯಾರೂ ಏನೂ ಹೇಳಲ್ಲಮ್ಮ."

ಪಾಪ, ಹೇಳಿಕೊಳ್ಳಲೂ ಹೆದರುತ್ತಿದ್ದಾಳೆ ಎಂದು ನನ್ನ ಕಣ್ಣು ತುಂಬಿತು. ಗಂಡನಿಗೆ ಹೇಳಿದರೆ, "ಅಕಿ ನಿನ್ನ ಮಗಳು ಅಂತ ನನಗಂತೂ ಅನಸೂದಿಲ್ಲ. ನೀ ಹೆದರೂದು ಬಿಡು" ಎಂದು ಪೇಪರು ಮಡಿಸಿದರು. ಅವರ ಮಾತಿಗೆ ನಾನು ಕಿವಿಗೊಡಲಿಲ್ಲ.

ಒಂದು ಶನಿವಾರ ಬೆಳಗ್ಗೆ ಹತ್ತೂವರೆ ಇರಬೇಕು, ಬಾಲ್ಕನಿಯಲ್ಲಿ ಒದ್ದೆ ಬೆಡ್‌ಶೀಟು ಒಣಹಾಕುತ್ತಿದ್ದೆ. ಕೆಳಗಿಂದ ಮಕ್ಕಳ ಸದ್ದು. ಬಗ್ಗಿ ನೋಡಿದೆ. ಪ್ರವೀಣ್ ಕೈಯಲ್ಲಿ ಒಂದು ರಟ್ಟು ಹಿಡಿದು ಗಾಳಿ ಬೀಸುತ್ತಿದ್ದ. ಇನ್ನಿಬ್ಬರು ಮಕ್ಕಳು ಓಡಿ ಓಡಿ ಕಲ್ಲು ಆರಿಸಿ ತಂದು ಒಪ್ಪಿಸುತ್ತಿದ್ದರು. ಹರ್ಷಿತಾ ಬಿಸಿಲಲ್ಲಿ, ಕಾಂಪೌಂಡಿನ ಗೋಡೆಗೆ ಮುಖ ಮಾಡಿ, ಕೈ ಕಟ್ಟಿ ನಿಂತಿದ್ದಳು. ಪ್ರವೀಣ್ ಗಾಳಿ ಬೀಸುತ್ತಿದ್ದುದು ನಿಂತಿದ್ದ ಸ್ಕೂಟರಿನ ಸೀಟಿನ ಮೇಲೆ ಕೂತ ಒಬ್ಬಳಿಗೆ. ಕಾಲ ಮೇಲೆ ಕಾಲು ಹಾಕಿಕೊಂಡು, ನೀಟಾಗಿ, ನನ್ನ ಮಗಳು.

"ಈಗ ತಿರುಗ್ಲಾ?" ಎಂದಳು ಹರ್ಷಿತಾ.

"ನಾನು ಹೇಳಿದ್ನಾ?" ಎಂದಳು ಸಿರಿ. ಕೂಗಲಿಲ್ಲ. ದನಿ ಏರಿಸಲೂ ಇಲ್ಲ. ಎಲ್ಲ ಮಕ್ಕಳೂ ಸುಮ್ಮನಾದರು. ಗೋಡೆಯ ಹತ್ತಿರ ಆ ಪುಟ್ಟ ಭುಜಗಳು ಸಣ್ಣಗೆ ನಡುಗಲು ಶುರುವಾದವು.

ತಾಯಿಯಾದವಳು ಆಗ ಏನು ಮಾಡಬೇಕು? ಸಿರೀ ಎಂದು ಕೂಗಬೇಕು, ದಡದಡ ಇಳಿದು ಹೋಗಬೇಕು. ನಾನು ಒದ್ದೆ ಬೆಡ್‌ಶೀಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಎಲ್ಲಿ ಅವಳು ತಲೆಯೆತ್ತಿ ನನ್ನನ್ನು ನೋಡಿಬಿಡುತ್ತಾಳೋ ಎಂದು ಹೆದರಿದೆ. ಬೆಡ್‌ಶೀಟಿನ ನೀರು ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಗಳು ನನ್ನ ಹಾಗಾದಾಳು ಎಂದು ಹರಕೆ ಹೊರುವಷ್ಟು ಹೆದರಿದ್ದೆನಲ್ಲ, ಇದಕ್ಕೆ ಏನು ಹರಕೆ ಹೊರಬೇಕೆಂದು ತಿಳಿಯಲಿಲ್ಲ.

ಆಮೇಲೆ ನಾಲ್ಕು ದಿನ ಹೇಳುತ್ತೇನೆ ಹೇಳುತ್ತೇನೆ ಅಂದುಕೊಂಡೆ. ಸಿರಿಯ ಎದುರು ಕೂತರೆ, ದೋಸೆ ಸಾಕಾ, ಇನ್ನೊಂದು ಹಾಕಲಾ ಎಂದು ಕೇಳಿ ಎದ್ದು ಬರುತ್ತಿದ್ದೆ. ಗಂಡನಿಗೂ ಹೇಳಲಿಲ್ಲ. ಬುಧವಾರ ಸಂಜೆ ಅವರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ಸಿರಿ ಟೇಬಲ್ಲಿನಲ್ಲಿ ಹೋಂವರ್ಕ್ ಮಾಡುತ್ತಿದ್ದಳು, ಮಂಗಳಾ ಬಾಗಿಲಲ್ಲಿ ನಿಂತರು.

"ಜಯಂತಿ ಮೇಡಂ, ಒಂದ್ನಿಮಿಷ. ನಮ್ಮ ಹರ್ಷಿತಾ ಆಡಕ್ಕೇ ಹೋಗ್ತಿಲ್ಲ ಕಣ್ರೀ. ಸ್ಕೂಲಿಗೂ ಅಳ್ತಾಳೆ. ನಿದ್ದೇಲಿ ಎದ್ದು ಕೂತ್ಕೊಂಡು 'ತಿರುಗ್ಲಾ, ತಿರುಗ್ಲಾ' ಅಂತಾಳೆ. ಯಾರೋ ಹೆದರಿಸ್ತಿದಾರೆ, ಹೆಸರು ಕೇಳಿದ್ರೆ ಬಾಯಿ ಬಿಡಲ್ಲ. ನಿಮ್ ಸಿರಿಗೇನಾದ್ರೂ ಗೊತ್ತಿರ್ಬೋದಾ?"

ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿರಿ ಪೆನ್ಸಿಲ್ ಕೆಳಗಿಟ್ಟಳು.

"ಪ್ರವೀಣ್ ಆಂಟಿ. ಮೇಲ್ಗಡೆ ಮನೆಯವನು. ಅವನೇ ಅವಳನ್ನ ಗೋಡೆ ಹತ್ರ ನಿಲ್ಸೋದು." ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮ ಬಾಲ್ಕನಿಯಿಂದ ನೋಡಿದಾಳೆ. ಅಲ್ವಾಮ್ಮ?"

ಬೆಡ್‌ಶೀಟಿನ ಹಿಂದೆ ಕೂತಿದ್ದ ನನ್ನನ್ನು ಅವಳು ನೋಡಿದ್ದಳು. ನೋಡಿ, ನಾಲ್ಕು ದಿನ ನನ್ನ ದೋಸೆ ತಿಂದು, ಒಂದು ಮಾತೂ ಆಡಿರಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ತಲೆ ಆಡಿತು.

"ಅಂದ್ಕೊಂಡೆ" ಎಂದರು ಮಂಗಳಾ. "ಓನರ್‌ಗೆ ಆಗ್ಲೇ ಮೇಲ್ಗಡೆಯವರ ಹೊಲಿಗೆ ಮಷೀನ್ ಸದ್ದಿಗೆ ಬೇಜಾರಾಗಿದೆ, ಖಾಲಿ ಮಾಡ್ಸೋಕೆ ಕಾರಣ ಹುಡುಕ್ತಿದಾರೆ. ಇವತ್ತು ಹೋಗಿ ಹೇಳೇ ಬಿಡ್ತೀನಿ. ಥ್ಯಾಂಕ್ಸ್ ಮೇಡಂ." ಅವರು ಇಳಿಯತೊಡಗಿದರು. ಸಿರಿ ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ಮೇಲಿನ ಮನೆಯಲ್ಲಿ ಸರೋಜಾ ಅವರ ಮಷೀನು ಟರ್ರ್ ಅಂದು, ನಿಂತು, ಮತ್ತೆ ಟರ್ರ್ ಅಂತು. ಅವರಿಗೆ ಏನೂ ಗೊತ್ತಿರಲಿಲ್ಲ. ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದರು.

ಓನರ್ ಬಾಗಿಲಿಗೆ ಎರಡು ಮಹಡಿ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೋಗಲಿ ಬಿಡು, ಮಕ್ಕಳ ವಿಷಯ, ನಾಳೆ ಸರಿಹೋಗುತ್ತದೆ ಎಂದು ನನ್ನೊಳಗೆ ಯಾರೋ ಸಮಾಧಾನ ಹೇಳುತ್ತಿದ್ದರು. ಆ ಮಾತು ನನಗೆ ಚೆನ್ನಾಗಿ ಗೊತ್ತು, ಮೂವತ್ತೇಳು ವರ್ಷದಿಂದ ಹೇಳಿಕೊಂಡು ಬಂದದ್ದು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಇಳಿದೆ. ಧೈರ್ಯ ಬಂದು ಇಳಿದೆ ಎಂದು ತಿಳಿಯಬೇಡಿ. ಇನ್ನೊಂದು ಟೆಂಪೋ, ಅದರಿಂದ ಇನ್ನೊಂದು ಜೊತೆ ಕಣ್ಣು ನನ್ನನ್ನು ನೋಡುವುದಕ್ಕೆ ಹೆದರಿ ಇಳಿದೆ.

ಮೊದಲನೇ ಮಹಡಿಯ ತಿರುವಿನಲ್ಲಿ, ಅವರ ಮನೆ ಬಾಗಿಲ ಮುಂದೆಯೇ ಸಿಕ್ಕರು.

"ಮಂಗಳಾ, ನಿಲ್ಲಿ. ಪ್ರವೀಣ್ ಅಲ್ಲ. ನಮ್ಮ ಸಿರಿ."

"ಈಗ ತಾನೇ ಹೌದು ಅಂದ್ರಿ?"

"ಸುಳ್ಳು ಹೇಳ್ದೆ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ."

"ನೋಡಿ ಸುಮ್ನಿದ್ರಾ?"

ಅವರು ಬೈಯಲಿಲ್ಲ. ತಮ್ಮ ಮನೆಯೊಳಕ್ಕೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ತೆರೆದೇ ಬಿಟ್ಟರು. ಒಳಗೆ ಸೋಫಾದ ಮೂಲೆಯಲ್ಲಿ ಹರ್ಷಿತಾ ಕಾಲು ಮಡಚಿ ಕೂತಿದ್ದಳು. ನನ್ನನ್ನು ಕಂಡು ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನನ್ನು ಕಂಡು ಹೆದರಿದ ಮೊದಲ ಮನುಷ್ಯಪ್ರಾಣಿ ಅವಳು.

ಮೇಲೆ ಬಂದರೆ ಸಿರಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಯಾಕಮ್ಮ ಹೇಳ್ದೆ? ನೀನು ನನ್ನ ಪಾರ್ಟಿ ತಾನೇ?"

"ಹೌದು" ಎಂದೆ. "ಚಪ್ಪಲಿ ಹಾಕ್ಕೋ. ಹರ್ಷಿತಾ ಮನೆಗೆ ಹೋಗೋಣ. ನೀನೇ ಹೇಳ್ಬೇಕು."

"ನಾನ್ ಬರಲ್ಲ."

"ಬರ್ತೀಯ."

ಆ ಒಂದು ಮಾತು ನನ್ನ ಗಂಟಲಿನಿಂದ ಹೇಗೆ ಬಂತೋ. ಕೂಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ಸಿರಿ ನನ್ನ ಮುಖ ನೋಡಿದಳು. ಅವಳ ಕೆಳತುಟಿ ಅದುರಿತು. ಬಗ್ಗಿ ಚಪ್ಪಲಿ ಹಾಕಿಕೊಂಡಳು, ಎಡಗಾಲಿನದು ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ. ಸರಿ ಮಾಡಿಕೊಳ್ಳಲೂ ಹೆದರಿ ಹಾಗೇ ಎದ್ದು ನಿಂತು, "ಬೈತೀಯಾ ಅಮ್ಮ?" ಎಂದಳು.

ಒಂದು ಮಗುವನ್ನು ಹೆದರಿಸುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಜೀವಮಾನವೆಲ್ಲ ಹೆದರಿದ ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಇಲ್ಲ ಕಂದ, ಬೈಯಲ್ಲ, ಬಾ ಒಳಗೆ ಹೋಗೋಣ ಎಂದು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಂಡಿದ್ದರೆ ಅವಳು ಇಳಿಯುತ್ತಿರಲಿಲ್ಲ. ಅದಕ್ಕೇ ಏನೂ ಅನ್ನದೆ, ಅವಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿದೆ.